ಶ್ರೀಮತಿ ಡಾಡ್ಜಿ ಅವರ ಸಾಸರ್

ಕೇಪ್ ಕೋಸ್ಟ್ ಪಟ್ಟಣದಲ್ಲಿ ಶ್ರೀಮತಿ ಸಿಸಿಲಿಯಾ ಡಾಡ್ಜಿ ಅವರ ತಾಯಿಯ ಕಡೆಯವರು ಮೂರು ತಲೆಮಾರಿನಿಂದ ಗೌರವಸ್ಥರು. ಅಜ್ಜಿ ಕಾನ್ವೆಂಟಿಗೆ ಗಂಟೆ ಕೊಡಿಸಿದವರು. ತಾಯಿ ಮಾತೆಯರ ಸಂಘವನ್ನು ಕಟ್ಟಿ ಇಪ್ಪತ್ತೆರಡು ವರ್ಷ ಅದರ ಅಧ್ಯಕ್ಷೆಯಾಗಿದ್ದವರು. ಸೋದರಮಾವ ಕ್ವೆಕು, ಕುಲದ ಯಜಮಾನರು. ಅವರ ಕೋಕೋ ತೋಟವನ್ನು ಸುತ್ತಿ ಬರಲು ಒಂದು ಬೆಳಗು ಸಾಲದು. ಈ ಮನೆಯವರು ಬೀದಿಯಲ್ಲಿ ನಿಂತು ತಿಂದವರಲ್ಲ, ಪೂಜೆಗೆ ತಡವಾಗಿ ಹೋದವರಲ್ಲ, ಸಾಸರ್ ಇಲ್ಲದೆ ಏನನ್ನೂ ಕುಡಿದವರಲ್ಲ. ಸಿಸಿಲಿಯಾ ಅವರು ಸಿಸ್ಟರುಗಳ ಕೈಕೆಳಗೆ ಒಂಬತ್ತು ವರ್ಷ ಓದಿ, ತಾಯಿಯ ನಂತರ ಹನ್ನೊಂದು ವರ್ಷದಿಂದ ತಾವೇ ಸಂಘದ ಅಧ್ಯಕ್ಷೆಯಾಗಿದ್ದರು.

ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯಲ್ಲಿ, ಕೋಕೋ ಬೆಳೆಯುವವರೇ ಕೋಕೋ ಕುಡಿಯುತ್ತಿಲ್ಲವೆಂಬ ಲೋಪ ಇಂಗ್ಲೆಂಡಿನ ಪಾಸ್ಮೋರ್ ಕಂಪನಿಯ ಗಮನಕ್ಕೆ ಬಂತು. ಕ್ವೆಕು ಮಾವನ ತೋಟದ ಬೀಜ ಮೂಟೆಯಲ್ಲಿ ಹಡಗು ಹತ್ತಿ, ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು, ಪುಡಿಯಾಗಿ ಡಬ್ಬಿಯಲ್ಲಿ ಮರಳುತ್ತಿತ್ತು. ನಮ್ಮೂರ ವಕೀಲರೂ ಹೀಗೆಯೇ ಹೋಗಿ ಬರುವುದರಿಂದ, ವಾಪಸಾದ ಮೇಲೆ ಬೆಲೆ ಏರುವುದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಪ್ರಚಾರಕ್ಕೆ ಮಾದರಿ ತಾಯಿಯೊಬ್ಬರ ಚಿತ್ರ ಬೇಕಾಗಿತ್ತು. ಕಂಪನಿಯ ಏಜೆಂಟ್ ಟಿಡ್‌ಮಾರ್ಶ್ ದೊರೆ, ಕ್ಯಾಮರಾ ಮತ್ತು ಗುಮಾಸ್ತ ಎಸಿಲ್ಫಿಯೊಂದಿಗೆ ಸಿಸಿಲಿಯಾ ಅವರ ಮನೆಗೆ ಬಂದರು. ಸಿಸಿಲಿಯಾ ಅವರು ಮಡಿಲಲ್ಲಿ ಕಂಪನಿಯ ಡಬ್ಬಿಯಿಟ್ಟು, ಕೋಕೋ ತುಂಬಿದ ಕಪ್ಪು ಸಾಸರ್ ಹಿಡಿದು ಜಗಲಿಯಲ್ಲಿ ಕುಳಿತರು.

"ಸಾಸರ್ ತೆಗೀಬೇಕಮ್ಮ," ಎಂದ ಎಸಿಲ್ಫಿ. "ಡಬ್ಬಿ ಮೇಲಿನ ಹೆಸರಿಗೆ ಅಡ್ಡ ಬರ್ತಿದೆ."

"ಹೆಸರನ್ನ ಪಕ್ಕಕ್ಕೆ ಸರಿಸು."

"ಹೆಸರು ಕಂಪನೀದಮ್ಮ. ಸಾಸರ್ ನಿಮ್ಮದು."

ಒಂದೇ ನಿಮಿಷಕ್ಕೆಂದು ಅವರು ಸಾಸರನ್ನು ಕಾಲಬಳಿಯ ಮಣೆಯ ಮೇಲಿಟ್ಟರು. ನಗಬೇಕೆಂದು ದೊರೆ ಸೂಚಿಸಿದರು. ಕಾನ್ವೆಂಟಿನಲ್ಲಿ ಅದನ್ನು ಕಲಿಸಿರಲಿಲ್ಲ.

ನಾಲ್ಕು ತಿಂಗಳಿಗೆ ಇಂಗ್ಲೆಂಡಿನಿಂದ ನಾನೂರು ಭಿತ್ತಿಪತ್ರಗಳು ಅಚ್ಚಾಗಿ ಬಂದವು. ಚಿತ್ರಕ್ಕೆ ಬೆರಳಗಲದ ಕರಿ ಅಂಚು, ಅದರ ಸುತ್ತ ಕೆಂಪು ಪಟ್ಟಿ. ಡಬ್ಬಿಯ ಬಣ್ಣಗಳೂ ಅವೇ. ಇಂಗ್ಲೆಂಡಿನಲ್ಲಿ ಅವು ಹಸಿವು ಹುಟ್ಟಿಸುತ್ತವಂತೆ. ನಮ್ಮಲ್ಲಿ ಕೆಂಪು ಕರಿ ಉಡುವುದು ಸಾವಿನ ಮನೆಗೆ ಹೋಗುವಾಗ. ಇದು ಎಸಿಲ್ಫಿಗೆ ಗೊತ್ತಿತ್ತು. ಆದರೆ ಕೇಳದೆ ಹೇಳಬಾರದೆಂದು ಗುಮಾಸ್ತರ ನಿಯಮಾವಳಿಯಲ್ಲಿತ್ತು, ದೊರೆ ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಪತ್ರಗಳನ್ನು ಊರ ಗೋಡೆಗಳಿಗೆಲ್ಲ ಅಂಟಿಸಲಾಯಿತು. ಮಧ್ಯಾಹ್ನದೊಳಗೆ ಸಿಸಿಲಿಯಾ ಅವರ ಅಂಗಳ ಕೆಂಪು ಕರಿ ಬಟ್ಟೆಯವರಿಂದ ತುಂಬಿತು. ಎಲ್ಲರಿಗಿಂತ ಮುಂದೆ ಸಂಘದ ಉಪಾಧ್ಯಕ್ಷೆ ಅರಬಾ ಅಮಿಸಾ ಇದ್ದರು. ಬಾಗಿಲು ತೆರೆದ ಸಿಸಿಲಿಯಾ ಅವರ ಹೆಗಲ ಮೇಲೇ ತಲೆಯಿಟ್ಟು ಅತ್ತರು.

"ಎಂಥ ಹೆಂಗಸು ಹೋಗಿಬಿಟ್ಟರು ಅಕ್ಕ."

"ಅರಬಾ, ನಾನು ಬದುಕಿದ್ದೀನಿ."

"ಕಾಣ್ತಿದೆ ಅಕ್ಕ. ಆದರೆ ಜನ ಬಂದಾಗಿದೆಯಲ್ಲ."

ಡೋಲಿನವರನ್ನು ಕೂರಿಸುತ್ತಿದ್ದ ಕ್ವೆಕು ಮಾವ ಒಳಗೆ ಬಂದರು. "ಏಳು ಊರಿಂದ ಬಂದಿದಾರೆ. ಈಗ 'ಸತ್ತಿಲ್ಲ, ಮನೆಗೆ ಹೋಗ್ರಪ್ಪ' ಅಂದ್ರೆ ಕುಲದ ಮರ್ಯಾದೆ ಏನಾಗಬೇಕು?"

"ನನ್ನ ಮರ್ಯಾದೆ, ಮಾವ?"

"ಅದಕ್ಕೇ ಇಷ್ಟು ಜನ ಬಂದಿರೋದು. ಬದುಕಿದ್ದಾಗ ಯಾವತ್ತಾದ್ರೂ ಬಂದಿದ್ರಾ?"

ಬಂದಿರಲಿಲ್ಲ. ಸಿಸಿಲಿಯಾ ಅವರು ಸುಳ್ಳು ಹೇಳುವವರಲ್ಲ; ಸಾಸರುಗಳನ್ನು ಎಣಿಸಲು ಹೋದರು.

ತಮ್ಮ ಅಂಗಳದಲ್ಲಿ ಹೆಂಡ ಹಂಚಲು ಅವರು ಬಿಡಲಿಲ್ಲ. ಹಾಗಾಗಿ ಬಂದವರಿಗೆಲ್ಲ ಕೋಕೋ ಕಾಸಿ ಕೊಟ್ಟರು, ಸಾಸರ್ ಸಮೇತ. ಗೌರವಸ್ಥರ ಸಾವಿಗೆ ಕೋಕೋ ಕುಡಿಯುವುದೇ ಕ್ರಮವೆಂದು ಊರು ತಿಳಿಯಿತು. ಆ ವಾರ ಸತ್ತ ಇತರ ಮೂವರ ಮನೆಯವರೂ ತಾವೇನು ಕಡಿಮೆಯೆಂದು ಡಬ್ಬಿಗಟ್ಟಲೆ ತರಿಸಿದರು.

ಭಿತ್ತಿಪತ್ರಗಳನ್ನು ಕೀಳಿಸಬೇಕೆಂದು ಸಿಸಿಲಿಯಾ ಅವರು ಕಂಪನಿಗೆ ಹೋದಾಗ, ಎಸಿಲ್ಫಿ ಎದ್ದು ನಿಂತು ಪ್ರಕಟಣೆಯನ್ನು ಓದಿದ:

"ಶ್ರೀಮತಿ ಡಾಡ್ಜಿ ಅವರ ನಿಧನದಿಂದ ಕೋಕೋ ಮಾರಾಟ ಆರು ಪಟ್ಟು ಹೆಚ್ಚಿರುವುದನ್ನು ಕಂಪನಿ ಸಂತಾಪದೊಂದಿಗೆ ಗಮನಿಸಿದೆ. ಸದರಿಯವರು ನಲವತ್ತನೆಯ ದಿನದ ಕರ್ಮದ ತನಕ ನಿಧನರಾಗಿಯೇ ಮುಂದುವರಿಯತಕ್ಕದ್ದು. ಅವಧಿಗೆ ಮುನ್ನ ಪೇಟೆಯಲ್ಲಿ ಚುರುಕಾಗಿ ನಡೆದಾಡುವುದು ಒಪ್ಪಂದದ ಉಲ್ಲಂಘನೆಯಾಗುತ್ತದೆ."

"ನಾನು ನಡೆದೇ ಬಂದೆ," ಎಂದರು ಸಿಸಿಲಿಯಾ.

"ನಿಧಾನವಾಗಿ ಬಂದ್ರಿ ಅಂತ ಬರ್ಕೊಂಡಿದೀನಮ್ಮ. ನಮ್ಮವರೇ ಅಲ್ವಾ ನೀವು."

ಅಷ್ಟರಲ್ಲಿ ಬಿಸ್ಕತ್ತಿನ ಕಂಪನಿಯೊಂದು ಗೌರವಸ್ಥ ವಯೋವೃದ್ಧರಿಗಾಗಿ ವಿಚಾರಿಸಿ, ಕ್ವೆಕು ಮಾವನ ಚಿತ್ರ ಕೇಳಿತ್ತು. ಕೊಯ್ಲು ಮುಗಿಯಲಿ, ಆಮೇಲೆ ಸಾಯೋಣ ಎಂದು ಮಾವ ತಿಳಿಸಿದ್ದರು.

ಇದನ್ನೆಲ್ಲ ಸಿಸಿಲಿಯಾ ಅವರು ಸಹಿಸಿದರು. ಸಹಿಸಲಾಗದ್ದು ಮರುವಾರದ ಗುರುವಾರ ಸಂಘದ ಸಭೆಯಲ್ಲಿ ಎದುರಾಯಿತು. ತಾಯಿ ಕೂತಿದ್ದ, ತಾವು ಕೂರುತ್ತಿದ್ದ ಕುರ್ಚಿಯಲ್ಲಿ ಅರಬಾ ಅಮಿಸಾ ಕೂತಿದ್ದರು.

"ಹನ್ನೊಂದನೇ ನಿಯಮ ಅಕ್ಕ," ಎಂದರು ಅರಬಾ. "ಅಧ್ಯಕ್ಷೆಯ ಕರ್ಮ ಶುರುವಾದ ದಿನ ಸ್ಥಾನ ತೆರವು. ನಿಮ್ಮ ತಾಯಿಯೇ ಬರೆದದ್ದು."

"ಹಾಗಾದರೆ ನಾನು ಬದುಕಿದ್ದೀನಿ ಅಂತ ಸಭೆ ಠರಾವು ಮಾಡಲಿ."

"ಮಾಡಬಹುದು." ಅರಬಾ ಭಿತ್ತಿಪತ್ರವನ್ನು ಮೇಜಿನ ಮೇಲೆ ಹರಡಿದರು. "ಆದರೆ ಬದುಕಿದ್ದೀರಿ ಅಂದ ಮೇಲೆ, ಇದು ನೀವೇ. ನಾನೂರು ಗೋಡೆ ಮೇಲೆ ಸಾಸರ್ ಇಲ್ಲದೆ ಕುಡೀತಿರೋರು. ನಾಲ್ಕನೇ ನಿಯಮ, ನಡತೆ. ಸದಸ್ಯತ್ವವೇ ಹೋಗ್ತದೆ."

ಹೆಂಗಸರು ಬಗ್ಗಿ ನೋಡಿದರು. ಯಾರೋ ನಾಲಿಗೆ ಲೊಚಗುಟ್ಟಿದರು.

"ಸತ್ತಿದ್ದೀನಿ ಅಂದರೆ?"

"ಸತ್ತವರ ತಪ್ಪು ಎಣಿಸೋದು ಪಾಪ ಅಕ್ಕ. ನಿಮ್ಮ ಚಿತ್ರ ನಿಮ್ಮ ತಾಯಿ ಚಿತ್ರದ ಪಕ್ಕ ತೂಗಿಹಾಕ್ತೀವಿ. ಇಂಥ ಅಧ್ಯಕ್ಷೆ ಮತ್ತೆ ಬರಲಿಲ್ಲ ಅಂತ ನಾನೇ ಭಾಷಣ ಮಾಡ್ತೀನಿ."

ಕಾನ್ವೆಂಟಿನಲ್ಲಿ ಅಜ್ಜಿಯ ಗಂಟೆ ಹೊಡೆಯಿತು. ಸಿಸಿಲಿಯಾ ಅವರು ಕೈಚೀಲ ಮುಚ್ಚಿದರು.

"ಸತ್ತಿದ್ದೀನಿ ಅಂತ ಬರ್ಕೊಳ್ಳಿ," ಎಂದರು. "ಕಾಗುಣಿತ ಸರಿಯಾಗಿರಲಿ."

ನಲವತ್ತನೆಯ ದಿನದ ಪೂಜೆಗೆ ಇಗರ್ಜಿ ತುಂಬಿತ್ತು. ಮೃತರ ಕುಟುಂಬದವರಿಗೆ ಮೀಸಲಾದ ಮುಂದಿನ ಸಾಲಿನಲ್ಲಿ ಸಿಸಿಲಿಯಾ ಅವರು ಕುಳಿತು, ತಾರಕದಲ್ಲಿ ಎಡವಿದ ಗಾಯಕರನ್ನು ತಿರುಗಿ ನೋಡಿದರು. ಪಾದ್ರಿಗಳು ಅವರ ಆತ್ಮಕ್ಕೆ ಶಾಂತಿ ಕೋರಿದಾಗ ಎಲ್ಲರಿಗಿಂತ ಸ್ಪಷ್ಟವಾಗಿ ಆಮೆನ್ ಎಂದರು. ಹೊರಗೆ ಕೋಕೋ ಇತ್ತು.

ಮರುದಿನ ಅವರು ಕಂಪನಿಗೆ ಹೀಗೆ ಬರೆದರು:

"ಮಾನ್ಯರೇ, ನನ್ನ ನಿಧನದ ಬಗ್ಗೆ ನನ್ನ ತಕರಾರಿಲ್ಲ, ಅದು ಸಂಘದ ಕಡತದಲ್ಲಿ ಕ್ರಮಬದ್ಧವಾಗಿ ದಾಖಲಾಗಿದೆ. ಆದರೆ ಚಿತ್ರ ತೆಗೆದ ದಿನ ನನ್ನ ಬಳಿ ಸಾಸರ್ ಇತ್ತು. ನಿಮ್ಮ ಗುಮಾಸ್ತರ ಮಾತಿನಂತೆ ಅದನ್ನು ಮಣೆಯ ಮೇಲಿಟ್ಟಿದ್ದೆ. ಈ ಸಂಗತಿಯನ್ನು ನಾನೂರು ಪ್ರತಿಗಳಲ್ಲಿ ಅಚ್ಚುಹಾಕಿಸಿ, ಅವೇ ಗೋಡೆಗಳ ಮೇಲೆ ನೀವು ನನ್ನ ಕ್ಷಮೆ ಕೇಳತಕ್ಕದ್ದು."