ಕೊನೆಯ ವಡೆ ಮತ್ತು ಬಾಮೈದನ ಕಾಲಿನ ಚೆಂಡು

ಕೈಯಲ್ಲಿದ್ದದ್ದನ್ನೇ ಉಳಿಸಿಕೊಳ್ಳಲಾಗದವನಿಗೆ ಇನ್ನೊಬ್ಬರ ಕಾಲಲ್ಲಿರುವುದನ್ನು ಕಿತ್ತುಕೊಳ್ಳುವ ಕೆಲಸ ವಹಿಸಬಾರದು. ನಮ್ಮ ಮನೆಯಲ್ಲಿ ಮದ್ದೂರು ವಡೆಯ ಪೊಟ್ಟಣ ಬಿಚ್ಚಿದರೆ ಕೊನೆಯ ವಡೆ ಇಂದಿನವರೆಗೂ ನನಗೆ ದಕ್ಕಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರೆ, ನಾನು ಹತ್ತುವ ಹೊತ್ತಿಗೆ ಯಾರೋ ಅಲ್ಲಿ ಕೂತು, ಟವೆಲ್ಲನ್ನು ಮಡಿಸಿ ನನ್ನ ಕೈಗೆ ಕೊಡುತ್ತಾರೆ. ನಾನು ಥ್ಯಾಂಕ್ಸ್ ಬೇರೆ ಹೇಳುತ್ತೇನೆ. ಇಂಥ ನನ್ನನ್ನು ಮದ್ದೂರು ಮೇಷ್ಟ್ರುಗಳ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್ ಮಾಡಿದ್ದಾರೆ. ಕಾರಣ ನನ್ನ ಗಾತ್ರ. ಎದುರಾಳಿಗಳೋ, ಅರಳಿಕಟ್ಟೆಗೆ ಪ್ರದಕ್ಷಿಣೆ ಬಂದಂತೆ ನನ್ನನ್ನು ಸುತ್ತಿಕೊಂಡು ಹೋಗಿ ಗೋಲು ಹೊಡೆಯುತ್ತಾರೆ.

ಹೋದ ಸಲದ ಮೇಷ್ಟ್ರುಗಳ ಜಿಲ್ಲಾ ಕ್ರೀಡಾಕೂಟಕ್ಕೆ ಮುಂಚೆ ನಮ್ಮ ಹೆಡ್‌ಮಾಸ್ಟರು (ತಂಡದ ಕ್ಯಾಪ್ಟನ್ನೂ ಅವರೇ) ಸ್ಟಾಫ್‌ರೂಮಿನಲ್ಲಿ ಎಲ್ಲರೆದುರೇ ಹೇಳಿಬಿಟ್ಟರು: "ಈ ಸಲನೂ ಒಂದ್ ಚೆಂಡ್ ಕಿತ್ಕಳ್ದಿದ್ರೆ, ಮುಂದಿನ್ ವರ್ಷ ನೀರಿನ್ ಕ್ಯಾನ್ ಕಾಯಕ್ ಕೂರುಸ್ತೀನಿ ಕಣಯ್ಯ." ನನಗೆ ಅಳುವೇ ಬಂತು. ನಮ್ಮ ತಂಡದ ಹಸಿರು ಜೆರ್ಸಿ ಎಂದರೆ ನನಗೆ ಪ್ರಾಣ, ಮದುವೆಮನೆಗೂ ಹಾಕಿಕೊಂಡು ಹೊರಟು ಬೈಸಿಕೊಂಡಿದ್ದೇನೆ.

ನನ್ನ ಹೆಂಡತಿ ಸಾವಿತ್ರಿ ಮಳವಳ್ಳಿಯವಳು, ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವಳು. ನನ್ನ ಗೋಳು ಕೇಳಲಾರದೆ ಹಿತ್ತಲಲ್ಲೇ ತರಬೇತಿ ಶುರು ಮಾಡಿದಳು. "ಮಕ ನೋಡ್ಬ್ಯಾಡಿ, ಚೆಂಡ್ ನೋಡಿ. ಅವ್ನು ಯಾಮಾರೋ ಗಂಟ ಕಾಯ್ಬೇಕು, ಆಮೇಲ್ ಕಾಲ್ ಆಕ್ಬೇಕು." ಹೇಳುವುದು ಸುಲಭ. ಮುಖ ನೋಡಿ ಮಣೆ ಹಾಕುವ ಸೀಮೆಯಲ್ಲಿ ಹುಟ್ಟಿದವನು ಮುಖ ನೋಡದೆ ಇರುವುದು ಹೇಗೆ?

ಮಂಡ್ಯದ ಮೈದಾನದಲ್ಲಿ ನಮ್ಮ ಎದುರು ಬಂದದ್ದು ಮಳವಳ್ಳಿ ತಂಡವೇ. ಎರಡೂ ಕಡೆ ಗೋಲಿಲ್ಲ, ಆಟ ಇನ್ನೇನು ಮುಗಿಯಬೇಕು. ಆಗ ಚೆಂಡು ಉರುಳಿಸಿಕೊಂಡು ಬಿರುಗಾಳಿಯಂತೆ ನನ್ನತ್ತ ನುಗ್ಗಿದವನು ಸಾವಿತ್ರಿಯ ತಮ್ಮ, ಮಳವಳ್ಳಿಯ ಗಣಿತದ ಮೇಷ್ಟ್ರು, ಪುಟ್ಟರಾಜು. ನಾನು ಮುಖ ನೋಡಿಯೇಬಿಟ್ಟೆ. ನೋಡಿದ ಮೇಲೆ ಬಾಯಿ ಸುಮ್ಮನಿದ್ದೀತೆ?

"ಏನ್ಲಾ ಪುಟ್ಟರಾಜು, ಊಟ ಆಯ್ತೇನ್ಲಾ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದವನನ್ನು ಮನುಷ್ಯ ಅನ್ನುವುದಿಲ್ಲ. ಅದೂ ಕೇಳಿದವನು ಅಕ್ಕನ ಗಂಡ. ಪುಟ್ಟರಾಜು ಗಕ್ಕನೆ ನಿಂತ. "ಇನ್ನೂ ಇಲ್ಲ ಭಾವ, ಇದ್ ಮುಗುಸ್ಕಂಡು ನಿಮ್ಮನೇಗೇ ಬರಾದು ಅಂತ..." ಎನ್ನುವಷ್ಟರಲ್ಲಿ ಚೆಂಡು ಅವನ ಕಾಲು ಬಿಟ್ಟು ಉರುಳಿ ನನ್ನ ಕಾಲಿಗೆ ಬಂದಿತ್ತು. ಕಣ್ಣು ಮುಚ್ಚಿ ಒದ್ದೆ. ಅದು ಹೋಗಿ ಹೆಡ್‌ಮಾಸ್ಟರ ಮುಂದೆಯೇ ಬೀಳಬೇಕೆ? ಅವರು ಗೋಲು ಹೊಡೆದೇಬಿಟ್ಟರು!

"ಕಿತ್ಕಂಡ್ರು ಕಣ್ಲಾ ನಮ್ ಮೇಷ್ಟ್ರು!" ಎಂದು ಜನ ಕುಣಿದರು. ಹೆಡ್‌ಮಾಸ್ಟರು ತಬ್ಬಿಕೊಂಡು, "ಜೆರ್ಸಿ ನಿಂದೇ ಕಣಯ್ಯ, ರಿಟೈರ್ ಆಗೋ ಗಂಟ" ಎಂದರು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಹೇಳಿದಂತೆ ಪುಟ್ಟರಾಜು ಸಂಜೆ ಮನೆಗೆ ಬಂದ. ಗೆದ್ದ ಖುಷಿಗೆ ಸಾವಿತ್ರಿ ಕೊನೆಯ ವಡೆಯನ್ನು ನನ್ನ ತಟ್ಟೆಗೇ ಹಾಕಿದಳು. ಜನ್ಮದಲ್ಲಿ ಮೊದಲ ಸಲ! ಅಷ್ಟರಲ್ಲಿ ಬಾಮೈದ ವಿನಯದಿಂದ, "ಭಾವಾ, ಅದೆಂಗ್ ಕಿತ್ಕಂಡ್ರಿ ಚೆಂಡ? ಒಸಿ ಯೇಳ್ಕೊಡಿ" ಎಂದ. ಕೇಳಿದ ಮೇಲೆ ಹೇಳದೆ ಇರುವುದು ಹೇಗೆ? ಎದ್ದು ನಿಂತೆ. ನಿಲ್ಲುವ ಭಂಗಿ, ಕಾಯುವ ತಾಳ್ಮೆ, ಕಾಲು ಹಾಕುವ ಕ್ಷಣ, ಎಲ್ಲವನ್ನೂ ಕಣ್ಣು ಮುಚ್ಚಿ, ಕೈಕಾಲು ಆಡಿಸಿ ವಿವರಿಸಿದೆ. ಮುಗಿಸಿ ಕೂತು ನೋಡಿದರೆ ತಟ್ಟೆಯಲ್ಲಿ ಒಂದಿಷ್ಟು ವಡೆಯ ಪುಡಿ.

ಪುಟ್ಟರಾಜು ಬಾಯಿ ಒರೆಸಿಕೊಂಡು ಹೇಳಿದ: "ಆಗ್ಲೇ ಕೇಳಿದ್ರಲ್ಲ ಭಾವ, ಈಗಾಯ್ತು ನೋಡಿ ಊಟ. ನಿಮ್ದಾಯ್ತಾ?"