ಭರತ ದಿನಕ್ಕೆ ಎರಡು ಸಲ ಬರ್ತಾನೆ

ಮೊದಲು ಒಂದು ಒಗಟು ಬಿಡಿಸಿ. ಎಂಟು ಕಾಲು ಮುಂದೆ, ಎರಡು ಕಾಲು ಹಿಂದೆ, ಕಾಲೇ ಇಲ್ಲದ್ದು ಅಡ್ಡ. ಯಾರ್ಯಾರು?

ಬಿಡಿ, ನಿಮ್ಮ ಕೈಲಿ ಆಗಲ್ಲ. ಮುಂದಿರೋದು ನಮ್ಮನೆ ಎರಡು ಎಮ್ಮೆ, ಹಿಂದಿರೋದು ನಮ್ಮಮ್ಮ, ಅಡ್ಡ ಇರೋದು ರೆಸಾರ್ಟಿನ ಗೇಟು. ಹೋದ ಬೇಸಿಗೇಲಿ ಆ ಗೇಟೇ ಇರಲಿಲ್ಲ. ಆಗ ಕೇಳಿದ್ರೆ ನನಗೂ ಗೊತ್ತಾಗ್ತಿರಲಿಲ್ಲ.

ಇಂಥದ್ದೆಲ್ಲ ನನ್ನ ಸುತ್ತಾನೇ ಯಾಕೆ ಆಗುತ್ತೋ. ಹತ್ತನೇ ಕ್ಲಾಸಲ್ಲಿ ಎರಡು ಸಬ್ಜೆಕ್ಟು ಹೋದಮೇಲೆ ನಾನು ಒಂದು ಕಡೆ ಕೂತೋನೇ ಅಲ್ಲ. ಕೂತ್ರೆ ಕಾಲು ತಾನಾಗೇ ಅಲ್ಲಾಡುತ್ತೆ, ಕಾಲು ಅಲ್ಲಾಡಿದ್ರೆ ಊರಲ್ಲಿ ಏನೋ ಒಂದು ನಡೆದುಹೋಗುತ್ತೆ.

ನಮ್ಮೂರಿಂದ ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಬಸ್ಸಿದೆ, ಮೂರಕ್ಕೂ ಲೇಟು. ಊರ ಹಿಂದೆ ಕೆರೆ. ಮಧ್ಯಾಹ್ನ ಒಂದು ಗಂಟೆ ನೀರಲ್ಲಿ ಬಿದ್ದುಕೊಳ್ಳದಿದ್ರೆ ನಮ್ಮ ಎಮ್ಮೆಗಳು ಹಾಲು ಕೊಡಲ್ಲ. ಕೆರೆ ಪಕ್ಕದ ಹೊಲ ಕೊಂಡೋರು ರೆಸಾರ್ಟು ಕಟ್ಟಿದ್ರು, ಅದು ಅವರ ಹೊಲ, ಕಟ್ಲಿ. ಆದ್ರೆ ನೀರಿಗೆ ಹೋಗೋ ಊರಿನ ಬಂಡಿದಾರಿಗೂ ಗೇಟು ಹಾಕಿಬಿಟ್ರು. ಈಗ ಹೆದ್ದಾರಿ ಸುತ್ತಿಕೊಂಡು ಆಚೆ ದಂಡೆಗೆ ಹೋಗಬೇಕು. ಅಮ್ಮನ ಮಂಡಿ ಅದಕ್ಕೆ ಒಪ್ಪಲ್ಲ.

"ದೀಪಾವಳಿ ಒಳಗೆ ದಾರಿ ಬಿಡದಿದ್ರೆ ಎರಡನ್ನೂ ಸಂತೆಗೆ ಹೊಡೀತೀನಿ" ಅಂದ್ಲು ಅಮ್ಮ. ಹೇಳಿದ್ದು ನನಗಲ್ಲ, ಎಮ್ಮೆಗೆ. ಎಮ್ಮೆ ಕಿವಿ ಆಡಿಸ್ಕೊಂಡು ಸುಮ್ಮನಾಯ್ತು. ನನ್ನ ಕೈಲಿ ಆಗಲಿಲ್ಲ.

ಬೀಚು ಬಂದಿದ್ದು

ಮೊದಲು ಎರಡು ಲಾರಿ ಮರಳು ಬಂತು. ಯಾರೋ ಮನೆ ಕಟ್ಟಿಸ್ತಾರೆ ಅಂದ್ಕೊಂಡ್ವಿ. ಅದನ್ನ ತಗೊಂಡೋಗಿ ಕೆರೆ ದಂಡೆ ಮೇಲೆ ಸಂಡಿಗೆ ಹಿಟ್ಟಿನ ಹಂಗೆ ಹರಡಿದ್ರು. ಮೇಲೆ ನಾಲ್ಕು ಬಣ್ಣದ ಛತ್ರಿ ನೆಟ್ಟು, ಗೇಟಿಗೆ "ಪ್ರೈವೇಟ್ ಬೀಚ್" ಅಂತ ಬೋರ್ಡು ಹೊಡೆದ್ರು. ಹೆಬ್ಬೆ ಜಲಪಾತ ನೋಡಕ್ಕೆ ಹೋಗೋ ಜನ ಇಲ್ಲಿ ಉಳ್ಕೊಂಡು ಮರಳಲ್ಲಿ ಮಲಗಕ್ಕೆ ಶುರು ಮಾಡಿದ್ರು.

ಗೇಟು ಕಾಯೋಕೆ ನಿಂತೋನು ನಮ್ಮ ಬೀದಿಯೋನೇ. ನೀಲಿ ಯೂನಿಫಾರಂ, ಬಾಯಲ್ಲಿ ಸೀಟಿ. ಅಮ್ಮ ಎಮ್ಮೆ ಹೊಡ್ಕೊಂಡು ಹೋದ್ಲು.

"ಬುಕಿಂಗ್ ಇದೆಯಾ ಅತ್ತೆ?" ಅಂದ.

"ಲೇ, ನೀನು ಚಡ್ಡಿ ಇಲ್ದೆ ಬಿದ್ದು ಒದ್ದಾಡಿದ ಕೆರೆ ಕಣೋ ಇದು!"

"ಮೆತ್ತಗೆ ಮಾತಾಡಿ ಅತ್ತೆ. ಅವಾಗ ನಾನು ಗೆಸ್ಟು, ಇವಾಗ ಸ್ಟಾಫು."

ಹಿಂದೆ ಬಟ್ಟೆ ಗಂಟು ಹೊತ್ತು ನಿಂತಿದ್ದ ಪಕ್ಕದ ಮನೆ ಅಜ್ಜಿ ನನ್ನ ಕೇಳಿದ್ಲು, "ಬೀಚು ಅಂದ್ರೆ ಏನ್ಲಾ?"

"ಕೆರೆ ಕಣಜ್ಜಿ. ಬೀಗ ಹಾಕಿದ ಕೆರೆ."

ನೈಟಿ

ಗೇಟಿನ ಪಕ್ಕ ಇನ್ನೊಂದು ಬೋರ್ಡಿತ್ತು: "ಈಜು ಉಡುಪು ಇಲ್ಲದವರು ನೀರಿಗೆ ಇಳಿಯಬಾರದು." ಅದನ್ನ ಮೂರು ಸಲ ಓದ್ದೆ. ಉಡುಪು ಇಲ್ಲದವರು ಇಳಿಬಾರದು ಅಂದ್ರೆ ಇರೋರು ಇಳಿಬಹುದು ತಾನೆ? ನನಗೆ ಗಣಿತ ಹೋಗಿತ್ತೇ ಹೊರತು ಕನ್ನಡ ಪಾಸು.

ಮಾರನೇ ದಿನ ತಂತಿ ಮೇಲೆ ಒಣಗಾಕಿದ್ದ ಅಮ್ಮನ ಹೂವಿನ ನೈಟಿ ತಂದು ದೊಡ್ಡ ಎಮ್ಮೆಗೆ ತೊಡಿಸ್ದೆ. ಮುಂಗಾಲು ತೋಳಿಗೆ ಹೋಯ್ತು, ಹೊಟ್ಟೆ ಹತ್ರ ಬಟನ್ ಕಿತ್ಕೊಂಡ್ವು. ಆದ್ರೂ ನಡಿಗೇಲಿ ಒಂದು ಗತ್ತು ಬಂತು. ಗೇಟಿನ ಹತ್ರ ಬರೋ ಹೊತ್ಗೆ ಹಿಂದೆ ಅರ್ಧ ಊರು.

ವಾಚ್‌ಮನ್ ಸೀಟಿ ಊದಕ್ಕೂ ಮರೆತ. ಎಮ್ಮೆನ ಮೇಲಿಂದ ಕೆಳಗೆ ನೋಡ್ದ, ಬೋರ್ಡು ನೋಡ್ದ, ಮತ್ತೆ ಎಮ್ಮೆ ನೋಡ್ದ. ನಮ್ಮಮ್ಮ ದೂರದಿಂದ "ಅಯ್ಯೋ ನನ್ನ ನೈಟಿ ಕಣೋ!" ಅಂತ ಕೂಗ್ತಾ ಓಡಿ ಬರ್ತಿದ್ಲು. ಮಂಡಿ ನೋವು ಅನ್ನೋಳಿಗೆ ಅವತ್ತು ಎಲ್ಲಿತ್ತೋ ಆ ಓಟ.

ವಾಚ್‌ಮನ್ ಯೋಚನೆ ಮಾಡಿ ಮಾಡಿ ಕೊನೆಗೆ ತಲೆ ಅಲ್ಲಾಡಿಸ್ದ.

"ಡ್ರೆಸ್ಸು ಸರಿ ಇದೆ. ತಲೆಗೆ ಕ್ಯಾಪಿಲ್ಲ."

ಬಜ್ಜಿ ಪೇಪರು

ನೈಟಿ ಹರಿದಿದ್ದಕ್ಕೆ ಎರಡು ದಿನ ಮನೇಲಿ ಊಟ ಸರಿಯಾಗಿ ಸಿಗಲಿಲ್ಲ. ಕಡೂರು ಬಸ್ ಸ್ಟ್ಯಾಂಡ್ ಹತ್ರ ಮೆಣಸಿನಕಾಯಿ ಬಜ್ಜಿ ತಿಂತಾ ನಿಂತಿದ್ದೆ. ಬಜ್ಜಿ ಕಟ್ಟಿದ ಪೇಪರಲ್ಲಿ ಎಣ್ಣೆ ಹತ್ತಿ ಅಕ್ಷರ ಫಳಫಳ ಹೊಳೀತಿತ್ತು: ಕಡಲತೀರ ಸಾರ್ವಜನಿಕರದ್ದು, ಅಲ್ಲಿಗೆ ಹೋಗೋ ದಾರೀನ ಯಾರೂ ಮುಚ್ಚೋ ಹಂಗಿಲ್ಲ, ಭರತದ ಗೆರೆವರೆಗೂ ಜನ ಓಡಾಡಬಹುದು, ಹಿಂಗೇನೋ. ಮಿಕ್ಕಿದ್ದನ್ನ ಚಟ್ನಿ ನುಂಗಿತ್ತು.

ಬಜ್ಜಿ ಬಿಟ್ಟು ಓಡ್ದೆ. ಆನ್‌ಲೈನ್ ಅರ್ಜಿ ಹಾಕೋ ಜೆರಾಕ್ಸ್ ಅಂಗಡಿಯೋನ ಮುಂದೆ ನಿಂತು "ಅಣ್ಣಾ, ನಮ್ಮೂರ ಬೀಚಿನ ದಾರಿ ಮುಚ್ಚವ್ರೆ, ಒಂದು ದೂರು ಹಾಕು" ಅಂದೆ.

"ಯಾವೂರು ನಿಂದು? ಮಂಗಳೂರಾ?"

"ಇಲ್ಲೇ, ಎಮ್ಮೆದೊಡ್ಡಿ ದಾರೀಲಿ."

ಅವನು ನನ್ನ ಮುಖಾನೇ ನೋಡ್ದ. ನಾನು ಫೋನಲ್ಲಿ ಆ ಬೋರ್ಡಿನ ಫೋಟೋ ತೋರಿಸ್ದೆ. "ನಾನು ಹೇಳ್ತಿಲ್ಲ ಅಣ್ಣ. ಅವರೇ ಬೀಚು ಅಂತ ಬರ್ಕೊಂಡವ್ರೆ."

ಇಲಾಖೆ ಪಟ್ಟೀಲಿ "ಕಡಲತೀರ" ಅಂತ ಇತ್ತು, ಒತ್ತಿದ್ವಿ. ಊರಿನ ಪಟ್ಟೀಲಿ ನಮ್ಮ ಕಡೆಯ ಯಾವ ಊರೂ ಇರಲಿಲ್ಲ. "ಇತರೆ" ಒತ್ತಿದ್ವಿ. ಅರ್ಜಿದಾರರ ಹೆಸರು ಅಮ್ಮಂದು, ನಂಬರೂ ಅಮ್ಮಂದೇ. ವೃತ್ತಿ ಅಂತ ಕೇಳ್ತು.

"ಎಮ್ಮೆ" ಅಂದೆ. ಅವನು ಹಂಗೇ ಟೈಪ್ ಮಾಡ್ದ.

ಭರತ

ಇಲ್ಲಿ ಒಂದು ವಿಷಯ ಹೇಳಬೇಕು. ಸಮುದ್ರ ದಿನಕ್ಕೆ ಎರಡು ಸಲ ಉಕ್ಕಿ ಮೇಲೆ ಬರೋದಕ್ಕೆ ಭರತ ಅಂತಾರೆ, ವಾಪಸ್ ಹೋಗೋದಕ್ಕೆ ಇಳಿತ ಅಂತಾರೆ. ಏಳನೇ ಕ್ಲಾಸಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ರಂತೆ. ಅವತ್ತು ನನ್ನ ಕ್ಲಾಸಿಂದ ಹೊರಗೆ ನಿಲ್ಲಿಸಿದ್ರು. ನಮ್ಮಮ್ಮನ್ನಂತೂ ಶಾಲೆ ಒಳಗೇ ಕಳಿಸಿರಲಿಲ್ಲ.

ನಮ್ಮ ಬೀದಿ ಕೊನೇಮನೆಯೋನ ಹೆಸರು ಭರತ. ಹಾಲಿನ ಕ್ಯಾನು ತಗೊಂಡು ಡೈರಿಗೆ ಬರ್ತಾನೆ. ಒಳ್ಳೇ ಮನುಷ್ಯ. ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಸ್ವಲ್ಪ ಕುಡೀತಾನೆ.

ಎಮ್ಮೆಗೆ ಬಕೆಟ್ಟಲ್ಲಿ ನೀರು ಹುಯ್ತಿದ್ದಾಗ ಅಮ್ಮನಿಗೆ ಫೋನು ಬಂತು. ಸ್ಪೀಕರ್ ಹಾಕಿದ್ಲು.

"ಅಮ್ಮಾ, ಕಡಲತೀರದ ದಾರಿ ಬಗ್ಗೆ ದೂರು ಕೊಟ್ಟಿದ್ದೀರಲ್ಲ. ನಿಮ್ಮಲ್ಲಿ ಭರತ ಎಲ್ಲಿವರೆಗೆ ಬರುತ್ತೆ?"

"ಬರುತ್ತೆ ಅಂತೀರಲ್ಲ ಸ್ವಾಮಿ, ಅವನೇನು ದನವಾ? ಬತ್ತಾನೆ ಅನ್ನಿ. ಡೈರಿ ತನಕ ಬತ್ತಾನೆ."

"ಡೈರಿವರೆಗೂ? ದಿನಾನಾ?"

"ದಿನಕ್ಕೆ ಎರಡು ಸಲ. ಒಂದಿನಾನೂ ತಪ್ಪಿಸಿಲ್ಲ."

"ಹುಣ್ಣಿಮೆ ಅಮಾವಾಸ್ಯೆಗೆ?"

"ಅಯ್ಯೋ, ಅವತ್ತು ಕೇಳಲೇಬೇಡಿ. ಹೋದ ಅಮಾಸೆ ನಮ್ಮನೆ ಒಳಗೇ ನುಗ್ಬಿಟ್ಟ."

ಆ ಕಡೆಯೋರ ದನಿ ಸಣ್ಣಗಾಯ್ತು. "ಮನೆ ಒಳಗೆ? ಪ್ರಾಣಹಾನಿ ಏನಾದ್ರೂ..."

"ಒಂದು ಕೋಳಿ ಸ್ವಾಮಿ. ಅದರ ಮೇಲೇ ಬಿದ್ದ."

"ಇಳಿತ ಯಾವಾಗ ಶುರುವಾಗುತ್ತೆ?"

"ಅವನ ಹೆಂಡ್ತಿ ತಲೆ ಮೇಲೆ ಒಂದು ಬಿಂದಿಗೆ ತಣ್ಣೀರು ಸುರೀತಾಳೆ. ತಕ್ಷಣ ಇಳಿಯುತ್ತೆ."

ಆ ಕಡೆ ಪೆನ್ನಲ್ಲಿ ಗೀಚ್ಕೊಳ್ಳೋ ಸದ್ದು ಕೇಳ್ತು. ಆಮೇಲೆ "ನಾವೇ ಬಂದು ನೋಡ್ತೀವಿ ಅಮ್ಮ, ಅಲ್ಲಿವರೆಗೆ ಎತ್ತರದ ಜಾಗದಲ್ಲಿರಿ" ಅಂದ್ರು.

ಸಾಹೇಬ್ರು

ದೀಪಾವಳಿ ಕಳೀತು. ಸಂತೆ ದಿನ ಬಂತು. ಎಮ್ಮೆ ಸಾಗಿಸಕ್ಕೆ ಹೇಳಿದ್ದ ಟೆಂಪೋ ಬಾಗಿಲಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಜೀಪಲ್ಲಿ ಸಾಹೇಬ್ರು ಬಂದ್ರು. ಕೈಲಿ ಟೇಪು, ಕಾಲಿಗೆ ಮಂಡಿ ತನಕ ರಬ್ಬರ್ ಬೂಟು.

"ಸಮುದ್ರ ಎಲ್ಲಪ್ಪಾ?"

ನಾನು ಬೋರ್ಡು ತೋರಿಸ್ದೆ. ಅವರು ಗೇಟು ತೆಗೆಸಿ, ಬಗ್ಗಿ, ಒಂದು ಬೆರಳು ಅದ್ದಿ ನೆಕ್ಕಿದ್ರು. "ಉಪ್ಪೇ ಇಲ್ಲವಲ್ಲ?"

"ಊರಲ್ಲಿ ಎಲ್ಲರಿಗೂ ಬಿಪಿ ಸಾ. ಕಮ್ಮಿ ಮಾಡಿದೀವಿ."

ಅಷ್ಟೊತ್ತಿಗೆ ಭರತ ಕ್ಯಾನು ಹಿಡ್ಕೊಂಡು ಹೋದ. ಅಮ್ಮ "ಅಗೋ ಸ್ವಾಮಿ, ಬಂದ!" ಅಂದ್ಲು. ಸಾಹೇಬ್ರು ಟೇಪು ಹಿಡ್ಕೊಂಡು ಅವನ ಹಿಂದೇನೇ ಡೈರಿ ತನಕ ಅಳೆದ್ರು. ಆ ಲೆಕ್ಕದಲ್ಲಿ ರೆಸಾರ್ಟಿನ ಅಡುಗೆಮನೆ, ಆಫೀಸು, ಎಲ್ಲ ಸಮುದ್ರದೊಳಗೆ ಬಂತು.

ರೆಸಾರ್ಟಿನ ಸಾಹುಕಾರ ಓಡಿ ಬಂದ. "ಸಾರ್, ಇದು ಬೀಚಲ್ಲ ಸಾರ್! ಬರೀ ಊರ ಕೆರೆ!"

ಸಾಹೇಬ್ರು ಪೆನ್ನು ತೆಗೆದ್ರು. "ಬೀಚಾದ್ರೆ ದಾರಿ ಎಲ್ಲರಿಗೂ ಬಿಡಿ. ಊರ ಕೆರೆಯಾದ್ರೆ ಊರಿಗೆ ಬಿಡಿ. ಯಾವುದಂತ ಬರ್ಕೊಳ್ಳಲಿ?"

ಸಾಹುಕಾರ ಬಾಯಿ ತೆಗೆಯೋದ್ರೊಳಗೆ ನಮ್ಮ ಎಮ್ಮೆ ಎರಡೂ ಒಳಗೆ ಹೋಗಿ, ಮರಳು ದಾಟಿ, ನೀರಿಗೆ ಬಿದ್ವು. ಛತ್ರಿ ಕೆಳಗೆ ಮಲಗಿದ್ದ ಹೆಂಗಸೊಬ್ಬಳು ಎದ್ದು ಕೂತು ಕೇಳಿದ್ಲು, "ಇವರು ಯಾವ ರೂಮಿನೋರು?"

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ. ಆದ್ರೆ ಸಾಹೇಬ್ರು ಬಂದಿದ್ದು ನಾನು ಕಟ್ಟಿದ್ದು. ಫೋನು ನಿಜ, ಬಂದು ನೋಡ್ತೀವಿ ಅಂದಿದ್ದು ನಿಜ, ಟೆಂಪೋ ಬಾಗಿಲಿಗೆ ಬಂದಿದ್ದೂ ನಿಜ. ಅವರು ಇನ್ನೂ ಬಂದಿಲ್ಲ.

ಅಮ್ಮ ಎಮ್ಮೆ ಹಗ್ಗ ಬಿಚ್ಚಿ ಕೈಲಿ ಹಿಡ್ಕೊಂಡಿದ್ಲು. ನಾನು ಅಡ್ಡ ನಿಂತು, "ಅಮ್ಮಾ, ಸಾಹೇಬ್ರು ಬಂದಾಗ ಏನಾಗುತ್ತೆ ಗೊತ್ತಾ?" ಅಂತ ಶುರು ಮಾಡ್ದೆ. ಬೂಟು, ಉಪ್ಪು, ಟೇಪು, ಒಂದೊಂದೂ ಅಲ್ಲೇ ನಿಂತು ಹೊಸೆದಿದ್ದು. ಉಸಿರು ತಗೊಳ್ಳಕ್ಕೂ ಭಯ, ನಿಲ್ಲಿಸಿದ್ರೆ ಹೊರಟುಬಿಡ್ತಾಳೆ ಅಂತ. ಅಮ್ಮ ಹಗ್ಗ ಹಿಡ್ಕೊಂಡೇ ಜಗಲಿ ಮೇಲೆ ಕೂತ್ಲು. ಟೆಂಪೋದೋನು ಮೂರು ಸಲ ಹಾರನ್ ಹೊಡೆದು, ಬೈಕೊಂಡು ಹೊರಟುಹೋದ.

ಎಲ್ಲ ಮುಗಿದಮೇಲೆ "ಸುಳ್ಳ" ಅಂದ್ಲು. ಎಮ್ಮೇನ ಮತ್ತೆ ಗೂಟಕ್ಕೆ ಕಟ್ಟೋವಾಗ ಒಂದೇ ಒಂದು ತಕರಾರು ತೆಗೆದ್ಲು:

"ಅಷ್ಟು ದೂರದಿಂದ ಬಂದೋರಿಗೆ ನಾನು ಒಂದು ಲೋಟ ಕಾಫೀನೂ ಕೊಡಲಿಲ್ವೇನೋ?"

"ಕೊಟ್ಟೆ ಕಣಮ್ಮ. ಗಟ್ಟಿ ಹಾಲಿಂದು. ಸಾಹೇಬ್ರು ಎರಡನೇ ಲೋಟ ಕೇಳಿ ಇಸ್ಕೊಂಡ್ರು."

ಅದೂ ನಾನು ಕಟ್ಟಿದ್ದೇ.