ಪಾರ್ಟ್ ಹೊಸತು, ಕಂಪ್ಯೂಟರ್ ಮಾತ್ರ ಏಳುವುದಿಲ್ಲ

ಕಂಪ್ಯೂಟರ್ ಹಾಳಾದರೆ ನಮ್ಮ ಕಡೆ ಯಾರೂ ನನಗೆ ಫೋನ್ ಮಾಡುವುದಿಲ್ಲ. ತಾವೇ ಹೊಸ ಪಾರ್ಟ್ ತಂದು ಹಾಕಿ, ಮೊದಲು ಅರ್ಧ ಹಾಳಾಗಿದ್ದದ್ದು ಪೂರ್ತಿ ಮಲಗಿದ ಮೇಲೆಯೇ ನನ್ನ ನೆನಪಾಗುವುದು. ಪಾಣೆಮಂಗಳೂರಿನಲ್ಲಿ ರಿಪೇರಿ ಅಂಗಡಿ ಇಟ್ಟ ದಿನದಿಂದ ಇದೇ ಕಥೆ. ಆದರೆ ಒಂದು ಮಾತು ಹೇಳಬೇಕು. ಮಲಗಿದ ಕಂಪ್ಯೂಟರಿನ ಸುತ್ತ ನಿಂತ ಜನರನ್ನು ನೋಡಿದಷ್ಟೂ ನನಗೆ ಅವರ ಮೇಲೆ ಪ್ರೀತಿಯೇ ಹೆಚ್ಚಾಗಿದೆ. ಯಂತ್ರ ಎಷ್ಟು ಬೇಗ ಕೈಚೆಲ್ಲುತ್ತದೋ ಇವರು ಅಷ್ಟು ಬೇಗ ಕೈಚೆಲ್ಲುವವರಲ್ಲ.

ಧೀಂ ತಕಿಟ

ಸಿದ್ಧಕಟ್ಟೆಯಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಮಾವನವರ ಕಂಪ್ಯೂಟರಿಗೆ ಹೊಸ ರ‍್ಯಾಮ್, ಅಂದರೆ ಅದರ ನೆನಪಿನ ಪಟ್ಟಿ, ತಂದು ಹಾಕಿದ್ದಾರಂತೆ. ಈಗ ಏಳುವುದಿಲ್ಲ, ಒಳಗಿಂದ ಎಂತದೋ ಶಬ್ದ ಮಾತ್ರ ಬರುತ್ತದಂತೆ.

ಏಳಲಾಗದ ಕಂಪ್ಯೂಟರ್ ಬೀಪ್ ಬೀಪ್ ಎಂದು ಕೂಗಿ ತನ್ನ ಕಾಯಿಲೆ ತಾನೇ ಹೇಳಿಕೊಳ್ಳುತ್ತದೆ. ಉದ್ದ ಎಷ್ಟು, ಗಿಡ್ಡ ಎಷ್ಟು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

"ಹೇಗೆ ಕೂಗ್ತದೆ ಅಕ್ಕಾ?" ಅಂತ ಕೇಳಿದೆ.

"ಕುಂಯ್ ಕುಂಯ್ ಅಂತ. ನಮ್ಮ ನಾಯಿಮರಿ ಹಾಗೆ."

"ಉದ್ದವಾ ಗಿಡ್ಡವಾ?"

"ಮರಿ ಗಿಡ್ಡವೇ."

ಅಷ್ಟರಲ್ಲಿ ಫೋನ್ ಮಾವನವರ ಕೈಗೆ ಹೋಯಿತು. ಅವರು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಈಗ ಮನೆಯಲ್ಲಿ ಕೂತು ಶಿಷ್ಯರಿಗಾಗಿ ಪಾಠ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಗಂಟಲು ಸರಿಮಾಡಿಕೊಂಡು, "ಕೇಳಿ. ಧೀಂಂಂ, ತಕಿಟ. ಒಂದು ಸಣ್ಣ ಬಿಡುವು. ಪುನಃ ಧೀಂಂಂ, ತಕಿಟ. ಇಷ್ಟೇ ಅದರ ನಡೆ," ಅಂದರು.

ಒಂದು ಉದ್ದ, ಮೂರು ಗಿಡ್ಡ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಇಷ್ಟು ಚಂದದ ವರದಿ ಯಾರೂ ಕೊಟ್ಟಿರಲಿಲ್ಲ. ಆ ಕಂಪ್ಯೂಟರಿನ ಭಾಷೆಯಲ್ಲಿ ಅದಕ್ಕೆ ಅರ್ಥ, ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತ.

"ವಯರ್ ತೆಗೆದು, ಆ ಪಟ್ಟಿಯನ್ನು ಎರಡೂ ಕಡೆ ಒತ್ತಿ. ಟಕ್ ಅನ್ನಬೇಕು," ಅಂದೆ.

"ಬಲಕ್ಕೆ ಟಕ್ ಬಂತು. ಎಡ ಮಾತಾಡ್ಲಿಲ್ಲ." ಇನ್ನೊಮ್ಮೆ ಒತ್ತಿದರು. "ಹಾಂ, ಈಗ ಎಡವೂ ನುಡಿಯಿತು."

ವಯರ್ ಹಾಕಿ ಬಟನ್ ಒತ್ತಿದರು. ಒಂದೇ ಒಂದು ಗಿಡ್ಡ ಬೀಪ್. ಕಂಪ್ಯೂಟರ್ ಎದ್ದಿತು. ನನಗೆ ಖುಷಿಯಾಯಿತು. ಅವರು ಮಾತ್ರ ಅದನ್ನು ಆರಿಸಿ, ಪುನಃ ಎಬ್ಬಿಸಿ, ಆ ಬೀಪನ್ನು ಇನ್ನೊಮ್ಮೆ ಕೇಳಿಸಿಕೊಂಡರು.

"ಎಂತ ಆಯ್ತು, ಸರಿಯಾಗ್ಲಿಲ್ವಾ?"

"ತಾಳ ಸರಿಯಾಯ್ತು ಮಾರಾಯ್ರೇ. ಶ್ರುತಿ ಸ್ವಲ್ಪ ಇಳಿದಿದೆ. ಅದನ್ನು ಏರಿಸ್ಲಿಕ್ಕೆ ಎಲ್ಲಿ ಒತ್ತಬೇಕು?"

ಕಾಣದ ಅಕ್ಷರ

ನಮ್ಮ ಪೇಟೆಯಲ್ಲೇ ಟೈಪಿಂಗ್ ಅಂಗಡಿಯ ಅಕ್ಕ ಒಬ್ಬರಿದ್ದಾರೆ. ಮದುವೆ ಕಾಗದಗಳ ಡಿಸೈನು ಮಾಡಲಿಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಪಾರ್ಟ್, ಹಾಕಿಸಿದ ಬೆಳಿಗ್ಗೆಯೇ ಫೋನ್ ಬಂತು: "ಸ್ಕ್ರೀನ್ ಕಪ್ಪು. ಏಳುವುದಿಲ್ಲ. ಅಂಗಡಿ ತುಂಬ ಜನ. ಬೇಗ ಬನ್ನಿ."

ಕೈಯಲ್ಲಿದ್ದ ಕೆಲಸ ಬಿಟ್ಟು ಹೋದೆ. ಹೋಗಿ ನೋಡಿದರೆ ಸ್ಕ್ರೀನ್ ಕಪ್ಪಗೇ ಇದೆ, ಪಕ್ಕದ ಪ್ರಿಂಟರ್ ಮಾತ್ರ ಕಾಗದ ಉಗುಳುತ್ತಾ ಇದೆ! ಅಕ್ಕ ಕಪ್ಪು ಸ್ಕ್ರೀನಿನ ಎದುರು ಕೂತು ಪಟಪಟನೆ ಟೈಪ್ ಮಾಡುತ್ತಿದ್ದರು.

"ಅಕ್ಕಾ, ಇದೆಂತ?"

"ನಿಮಗೆ ಫೋನ್ ಮಾಡಿದ ಮೇಲೆ ಅದು ಶುರುವಾಗುವಾಗಿನ ಶಬ್ದ ಕೇಳಿತು. ಒಳಗೆ ಎಚ್ಚರ ಉಂಟು, ಕಣ್ಣು ಬಿಡುವುದಿಲ್ಲ ಅಷ್ಟೆ ಅಂತ ಗೊತ್ತಾಯ್ತು. ಕಾಯುವವರನ್ನು ಎಷ್ಟು ಹೊತ್ತು ಕಾಯಿಸ್ಲಿಕ್ಕೆ ಆಗ್ತದೆ?"

ಪಾಸ್‌ವರ್ಡ್ ಅಂದಾಜಿಗೆ ಹೊಡೆದಿದ್ದರು. ಬೇಕಾದದ್ದೆಲ್ಲ ಕೀಲಿಗಳಿಂದಲೇ ತೆರೆದು, ಕನ್ನಡಕ್ಕೆ ತಿರುಗಿಸಿ, ಗಿರಾಕಿ ಹೇಳಿದ ಅರ್ಜಿ ಟೈಪ್ ಮಾಡಿ, ಪ್ರಿಂಟಿಗೂ ಕೊಟ್ಟಿದ್ದರು. ಮೌಸ್ ಮುಟ್ಟಿಯೇ ಇಲ್ಲ. ನಾನಾದರೆ ಸ್ಕ್ರೀನ್ ಕಂಡರೂ ಒಂದು ಸಾಲಿಗೆ ನಾಲ್ಕು ಸಲ ಅಳಿಸುವವನು.

ದೋಷ ದೊಡ್ಡದೇನಲ್ಲ. ಮಾನಿಟರಿನ ವಯರನ್ನು ಹೊಸ ಕಾರ್ಡಿಗೆ ಚುಚ್ಚುವ ಬದಲು ಹಳೇ ಜಾಗಕ್ಕೇ ಚುಚ್ಚಿದ್ದರು. ನಾನು ಅದನ್ನು ಹೊಸ ಕಾರ್ಡಿನ ತೂತಿಗೆ ಬದಲಾಯಿಸಿದ ಕೂಡಲೇ ಸ್ಕ್ರೀನ್ ಬೆಳಗಿತು.

ಅರ್ಜಿ ಬರೆಸಿದ್ದವರು ನಿವೃತ್ತ ಕನ್ನಡ ಪಂಡಿತರು. ಬಸ್ಸು ತಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ ಅಂತ ದೂರು. ಆ ಕಾಗದವನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಓದಿದರು. ಒತ್ತು, ದೀರ್ಘ, ಮಹಾಪ್ರಾಣ, ಯಾವುದೂ ತಪ್ಪಿಲ್ಲ. ಅವರಿಗೆ ನಂಬಲಿಕ್ಕೇ ಆಗಲಿಲ್ಲ.

"ಅಮ್ಮಾ," ಅಂದರು ಬಹಳ ವಿನಯದಿಂದ, "ಇನ್ನು ಮುಂದೆ ನನ್ನ ಕೆಲಸವನ್ನೆಲ್ಲ ಸ್ಕ್ರೀನ್ ಬಂದ್ ಮಾಡಿಯೇ ಮಾಡಿಕೊಡಿ."

ಹಿಂದೆ ಹೋದ ವರ್ಷ

ಬೆಳ್ತಂಗಡಿಯ ಒಂದು ಜೈನ ಮನೆಯ ಅಜ್ಜಿಗೆ ಕಂಪ್ಯೂಟರಿನಲ್ಲಿ ಪದಬಂಧ ಬಿಡಿಸುವ ಹುಚ್ಚು. ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು, ಮೊಮ್ಮಗಳು ಹೊಸತು ಹಾಕಿದಳು. ಹಾಕಿದ ಮೇಲೆ ಕಂಪ್ಯೂಟರ್ ಕಪ್ಪು ಪರದೆಯಲ್ಲಿ ಎಂತದೋ ಇಂಗ್ಲಿಷ್ ಬರೆದು ಅಲ್ಲೇ ನಿಂತಿತು.

ಬ್ಯಾಟರಿ ತೆಗೆದಾಗ ಅದು ತಾರೀಕು ಮರೆತುಬಿಡುತ್ತದೆ. ತಾನು ಹುಟ್ಟಿದ ಕಾಲಕ್ಕೇ ಹೋಗಿ ಕೂತು, "ಇವತ್ತು ಯಾವ ದಿನ ಅಂತ ಹೇಳಿ" ಎಂದು ಹಟ ಹಿಡಿಯುತ್ತದೆ. ನಾನು ಅವರ ಮನೆಗೆ ಹೋಗಿ ಅಜ್ಜಿಗೆ ಇದನ್ನೇ ಹೇಳಿದೆ: "ಅಮ್ಮಾ, ಇದು ಹದಿನೈದು ವರ್ಷ ಹಿಂದೆ ಹೋಗಿದೆ. ಈಗ ಇವತ್ತಿಗೆ ತರ್ತೇನೆ."

ಅಜ್ಜಿ ನನ್ನ ಕೈ ತಡೆದರು.

"ಸ್ವಲ್ಪ ನಿಲ್ಲಿ. ಆಗ ನನಗೆ ಮಂಡಿನೋವು ಇರ್ಲಿಲ್ಲ. ಒಮ್ಮೆ ಮಹಡಿಗೆ ಹೋಗಿ ಬರ್ತೇನೆ, ಮತ್ತೆ ತನ್ನಿ."

ಒಗ್ಗರಣೆ ಡಬ್ಬಿ

ಚಾರ್ಮಾಡಿಯಲ್ಲಿ ಒಬ್ಬರು ಗಲ್ಫ್‌ನಿಂದ ಕೆಲಸ ಮುಗಿಸಿ ಬಂದು ನೆಲೆಯಾಗಿದ್ದಾರೆ. ಶಿಸ್ತಿನ ಮನುಷ್ಯ. ತಮ್ಮ ಕಂಪ್ಯೂಟರನ್ನು ಹಳೇ ಡಬ್ಬದಿಂದ ತೆಗೆದು ಹೊಸ ಕ್ಯಾಬಿನೆಟ್ಟಿಗೆ ತಾವೇ ವರ್ಗಾಯಿಸಿದ್ದರು. ನಾನು ಹೋದಾಗ ಒಳಗಿನ ವಯರುಗಳನ್ನು ಹೆಣೆದ ಚಂದ ನೋಡಿ ಬಾಯಿ ಬಿಟ್ಟೆ. ಜಡೆ ಹಾಕಿದ ಹಾಗೆ ಇತ್ತು. ಸ್ಕ್ರೂಗಳಿಗೂ ವ್ಯವಸ್ಥೆ: ಹೆಂಡತಿಯ ಒಗ್ಗರಣೆ ಡಬ್ಬಿ ಖಾಲಿ ಮಾಡಿಸಿ, ಸಾಸಿವೆಯ ಬಟ್ಟಲಿನಲ್ಲಿ ಸಣ್ಣವು, ಜೀರಿಗೆಯದರಲ್ಲಿ ದೊಡ್ಡವು, ಮೆಂತೆಯದರಲ್ಲಿ ಕಪ್ಪಗಿನವು.

ಇಷ್ಟೆಲ್ಲ ಆಗಿ ಬಟನ್ ಒತ್ತಿದರೆ ಉಸಿರಿಲ್ಲ.

ಬಾಗಿಲ ಹತ್ತಿರ ನಿಂತ ಹೆಂಡತಿ, "ನಾನು ನಿನ್ನೆಯಿಂದ ಹೇಳ್ತಾ ಇದ್ದೇನೆ, ಪಕ್ಕದ ಸಣ್ಣ ಬಟನ್ ಒತ್ತಿ ನೋಡುವ ಅಂತ," ಅಂದರು.

"ಅದು ರೀಸೆಟ್. ಪುನಃ ಶುರು ಮಾಡುವ ಬಟನು. ಒಮ್ಮೆಯೂ ಶುರುವಾಗದ್ದನ್ನು ಪುನಃ ಶುರು ಮಾಡುವುದು ಹೇಗೆ?" ಅಂತ ಗಂಡ.

ತರ್ಕದಲ್ಲಿ ತಪ್ಪಿರಲಿಲ್ಲ. ನಾನು ಇನ್ನೂ ಟಾರ್ಚ್ ಹುಡುಕುತ್ತಿದ್ದೆ. ಹೆಂಡತಿ ಬಂದು ಸಣ್ಣ ಬಟನ್ ಒತ್ತಿಯೇಬಿಟ್ಟರು. ಫ್ಯಾನು ತಿರುಗಿತು, ದೀಪ ಹತ್ತಿತು, ಕಂಪ್ಯೂಟರ್ ಎದ್ದಿತು. ಎರಡು ಬಟನ್ನುಗಳ ತೆಳ್ಳಗಿನ ವಯರುಗಳು ಅದಲುಬದಲಾಗಿದ್ದವು, ಅಷ್ಟೇ. ಗಂಡ ಒಂದು ಗಳಿಗೆ ಹೆಂಡತಿಯನ್ನೇ ನೋಡಿದರು. ಆಮೇಲೆ, "ಇವಳನ್ನು ಗಲ್ಫಿಗೆ ಕರ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಕಂಪೆನಿಯೇ ಇವಳದ್ದಾಗ್ತಿತ್ತು," ಅಂತ ಮನಸಾರೆ ನಕ್ಕರು. ಸೋತು ಅಷ್ಟು ಚಂದ ನಗುವ ಗಂಡಸರು ಕಮ್ಮಿ.

ವಯರ್ ಸರಿ ಮಾಡಿ ಮುಚ್ಚುವಾಗ ಒಂದು ಸ್ಕ್ರೂ ಕಮ್ಮಿ. ಮೇಜಿನ ಕೆಳಗೆ, ಚಾಪೆಯ ಅಡಿಯಲ್ಲಿ, ಎಲ್ಲ ಕಡೆ ಹುಡುಕಿದೆವು. ಸಿಗಲಿಲ್ಲ. "ಊಟ ಮಾಡಿ ನೋಡುವ," ಅಂತ ಕೂರಿಸಿದರು. ಎರಡನೇ ತುತ್ತಿಗೆ ಗಂಡನ ಬಾಯಲ್ಲಿ 'ಟಕ್' ಅಂತು. ನಾವು ಹುಡುಕುತ್ತಿದ್ದಾಗಲೇ ಹೆಂಡತಿ ಸಾಸಿವೆಯನ್ನು ವಾಪಸು ಬಟ್ಟಲಿಗೆ ಹಾಕಿದ್ದರು, ಒಂದು ಸಣ್ಣ ಸ್ಕ್ರೂ ಅದರ ತಳದಲ್ಲೇ ಉಳಿದಿತ್ತು. ಸಾರಿನ ಒಗ್ಗರಣೆಗೆ ಹೋಗಿದೆ!

ಅವರು ಅದನ್ನು ತೆಗೆದು ಎಲೆಯ ಬದಿಯಲ್ಲಿಟ್ಟು ಹೆಂಡತಿಯ ಮುಖ ನೋಡಿದರು. ಆಕೆ ನಿಧಾನಕ್ಕೆ ಇನ್ನೊಂದು ಸೌಟು ಸಾರು ಬಡಿಸುತ್ತಾ ಹೇಳಿದರು:

"ರಕ್ತದಲ್ಲಿ ಕಬ್ಬಿಣ ಕಮ್ಮಿ ಉಂಟು ಅಂತ ಡಾಕ್ಟ್ರು ಹೇಳಿದ್ದಲ್ವಾ ನಿಮ್ಗೆ?"

ಮುಹೂರ್ತಕ್ಕೆ ಮೊದಲು

ಮೂಡಬಿದಿರೆಯ ಒಂದು ಮದುವೆಗೆ ನಾನು ಹೋದದ್ದು ಊಟಕ್ಕೆ. ಬಿಳಿ ಅಂಗಿ, ಜರಿಪಂಚೆ. ಕಿಸೆಯಲ್ಲಿ ಸ್ಕ್ರೂಡ್ರೈವರ್ ಮಾತ್ರ ಅಭ್ಯಾಸಬಲದಿಂದ ಬಂದಿತ್ತು.

ಮದುಮಗಳ ಅಣ್ಣ ದುಬೈಯಲ್ಲಿ. ರಜೆ ಸಿಗದೆ ಬರಲಾಗಿರಲಿಲ್ಲ. ತಂದೆ ಇಲ್ಲದ ಮನೆಯಲ್ಲಿ ತಂಗಿಯನ್ನು ಓದಿಸಿ ಹಲ್ಲಿನ ಡಾಕ್ಟರ್ ಮಾಡಿದವನು ಅವನೇ. ಅಲ್ಲಿಗೆ ವಾಟ್ಸಾಪ್ ವೀಡಿಯೊ ಕಾಲ್ ಹೋಗುವುದಿಲ್ಲ, ಹಾಲ್‌ನಲ್ಲಿ ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೆ. ಹಾಗಾಗಿ ವೀಡಿಯೊದವನು ತನ್ನ ಕಂಪ್ಯೂಟರನ್ನೇ ತಂದು, ಹಾಲ್‌ನ ಇಂಟರ್ನೆಟ್ ವಯರ್ ಕೊಟ್ಟು, ಅಣ್ಣನಿಗೆ ನೇರ ತೋರಿಸುವ ವ್ಯವಸ್ಥೆ ಮಾಡಿದ್ದ. ಅಣ್ಣನ ಆಶೀರ್ವಾದ ಎಲ್ಲರಿಗೂ ಕೇಳಲಿ ಅಂತ ಅವನ ದನಿಯನ್ನು ಹಾಲ್‌ನ ಸ್ಪೀಕರಿಗೆ ಕೊಟ್ಟಿದ್ದರು. ಚಿತ್ರ ಎಲ್ಲಿಯೂ ತಡವರಿಸಬಾರದು ಅಂತ ಆ ಬೆಳಿಗ್ಗೆಯೇ, ಮಂಟಪದ ಪಕ್ಕದ ಮೇಜಿನ ಮೇಲೆ, ಕಂಪ್ಯೂಟರಿಗೆ ಹೊಸ ರ‍್ಯಾಮ್ ಕೂಡ ಹಾಕಿದ್ದ.

ಅದು ಏಳಲಿಲ್ಲ.

ಯಾರೋ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದರು. ನಾನು ಪಟ್ಟಿಯನ್ನು ತೆಗೆದು ಪುನಃ ಒತ್ತಿದೆ. ಒಂದು ಬದಿ ಕೂರುತ್ತದೆ, ಇನ್ನೊಂದು ಏಳುತ್ತದೆ. ಹಳೇ ಪಟ್ಟಿ ಹಾಕಿದರೂ ಹಾಗೆಯೇ. ಬೆವರು ಇಳಿಯಲಿಕ್ಕೆ ಶುರುವಾಯಿತು. ಪುರೋಹಿತರು ಮೈಕಿನಲ್ಲಿ, "ಕನ್ಯೆಯನ್ನು ಕರ್ಕೊಂಡು ಬನ್ನಿ," ಅಂದರು.

ಮದುಮಗಳು ಕೈಯಲ್ಲಿ ಹಾರ ಹಿಡಿದು ಬಂದವಳು, ಕಪ್ಪು ಸ್ಕ್ರೀನ್ ನೋಡಿ ಮೇಜಿನ ಹತ್ತಿರವೇ ನಿಂತಳು.

"ಅಣ್ಣ ಎಲ್ಲಿ?"

"ಇದು ಏಳುವುದಿಲ್ಲ ಮಗಳೇ. ರ‍್ಯಾಮ್ ಸಂದಿಯಲ್ಲಿ ಕೂರುವುದಿಲ್ಲ," ಅಂದೆ. ಅವಳ ಕಣ್ಣು ತುಂಬಿತು. ಅಳುತ್ತಾಳೆ ಅಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಟಾರ್ಚ್ ಹಾಕಿ ಅಂಕಲ್. ನೋಡುವ."

ಹಾರ ಇಡಲು ಜಾಗವಿರಲಿಲ್ಲ, ನನ್ನ ಎರಡೂ ಕೈಯಲ್ಲಿ ಸಾಮಾನು. ಅವಸರದಲ್ಲಿ ಅದನ್ನು ನನ್ನ ಕುತ್ತಿಗೆಗೇ ಹಾಕಿಬಿಟ್ಟಳು. ಮುಂದಿನ ಸಾಲಿನ ಹೆಂಗಸರು 'ಹಾ!' ಅಂದದ್ದು ನನಗೆ ಕೇಳಿತು. ಅವಳಿಗೆ ಅದರ ಪರಿವೆಯೇ ಇಲ್ಲ. ಬಗ್ಗಿ, ಆ ಸಪೂರ ಸಂದಿಯೊಳಗೆ ರೋಗಿಯ ಬಾಯಿ ನೋಡುವ ಹಾಗೆ ನೋಡಿದಳು.

"ಹಿಂದಿನ ಮೂಲೆಯಲ್ಲಿ ಅಕ್ಕಿಕಾಳು ಸಿಕ್ಕಿದೆ. ನಾನು ದಿನಾ ನೋಡುವುದು ಇದನ್ನೇ."

ನಿಜ. ಪಕ್ಕದಲ್ಲೇ ಅಕ್ಷತೆಯ ತಟ್ಟೆ ಇತ್ತು, ಮಕ್ಕಳು ಬೆಳಿಗ್ಗೆಯಿಂದ ಅದನ್ನು ಎರಚಾಡುತ್ತಿದ್ದರು. ಅವಳು ಮಲ್ಲಿಗೆ ತುಂಬಿದ ಜಡೆಯಿಂದ ಒಂದು ಪಿನ್ನು ಕಿತ್ತು, ಬಳೆಗಳನ್ನು ಮೇಲಕ್ಕೆ ಸರಿಸಿ, ಅರಸಿನ ಹಚ್ಚಿದ ಕಾಳನ್ನು ಹೊರಗೆಳೆದಳು. ನಾನು ಪಟ್ಟಿ ಒತ್ತಿದೆ. ಎರಡೂ ಕಡೆ ಟಕ್. ಬಟನ್ ಒತ್ತಿದಳು. ಫ್ಯಾನು ತಿರುಗಿತು.

"ಕನ್ಯೆ ಎಲ್ಲಿ? ಮುಹೂರ್ತ ಹತ್ತಿರ ಬಂತು!" ಮೈಕಿನಲ್ಲಿ ಪುರೋಹಿತರು.

"ಬಂದೆ ಭಟ್ರೇ, ಬೂಟ್ ಆಗ್ತಾ ಉಂಟು!" ಅಂತ ಅವಳು ಕೂಗಿದಳು.

"ಬೂಟಾ? ಮಂಟಪಕ್ಕೆ ಬೂಟು ಹಾಕಿ ಬರ್ಲಿಕ್ಕಿಲ್ಲ ಮಗಳೇ! ಬರಿಗಾಲಲ್ಲೇ ಬಾ!"

ಹಾಲ್‌ಗೆ ಹಾಲ್ ನಗುತ್ತಿರುವಾಗಲೇ ಸ್ಕ್ರೀನ್ ಬೆಳಗಿತು. ವೀಡಿಯೊದವನು ಗಡಿಬಿಡಿಯಲ್ಲಿ ಲೈನ್ ಕೊಟ್ಟ. ಕ್ಯಾಮೆರಾ ಇನ್ನೂ ನಮ್ಮ ಕಡೆಗೇ ಮುಖ ಮಾಡಿತ್ತು. ದುಬೈಯಲ್ಲಿ ಅಣ್ಣನಿಗೆ ಮೊದಲು ಕಂಡದ್ದು ಕಣ್ಣೊರೆಸಿಕೊಂಡು ನಗುವ ತಂಗಿ. ಅವಳಿಗೆ ತಾಗಿಕೊಂಡು, ಬೆವರಿನಲ್ಲಿ ಹೊಳೆಯುವ ಬೋಳುತಲೆಯ, ಕುತ್ತಿಗೆಯಲ್ಲಿ ಹಾರ ಇರುವ ನಾನು.

ಸ್ಪೀಕರಿನಲ್ಲಿ ಅವನ ದನಿ, ಬಹಳ ಜಾಗ್ರತೆಯಿಂದ, ಇಡೀ ಹಾಲ್‌ಗೆ ಕೇಳಿತು:

"ಪುಟ್ಟೀ... ನೀವು ಕಳಿಸಿದ ಫೋಟೋದಲ್ಲಿ ಭಾವನಿಗೆ ಕೂದಲು ಇತ್ತಲ್ಲ?"

ನನಗೆ ಎಲ್ಲಿ ಅಡಗುವುದೆಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಮಂಟಪದಲ್ಲಿ ಗಂಭೀರವಾಗಿ ಕೂತಿದ್ದ ಮದುಮಗ ಎದ್ದು ನಿಂತ. ಪುರೋಹಿತರ ಕೈಯಿಂದ ಮೈಕು ತೆಗೆದುಕೊಂಡ. ಪೇಟ ಕಳಚಿ, ದಟ್ಟ ಕೂದಲಿನ ತಲೆಯನ್ನು ಕ್ಯಾಮೆರಾದ ಕಡೆಗೆ ಬಗ್ಗಿಸಿ ಕೂಗಿದ:

"ಇಲ್ಲಿ ಉಂಟು ಭಾವ, ಇಲ್ಲಿ ಉಂಟು!"